ಮೀನು ಕಚ್ಚಿದ್ದು ಕೈಗೆ ತಿಳಿಯದಿದ್ದರೆ

ಸೋದರಿಯರೇ, ಮಾವಿನ ಮಿಡಿಯ ಮಾತನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಲ ಮೀನಿನ ಗಾಳದ ಮಾತು ತೆಗೆದಿದ್ದೇನೆ. "ಇವಳಿಗೆಂತ ಆಯ್ತು, ಗಂಡಸರ ಗಾಳದ ಗೊಡವೆ ನಮಗೆಂತಕ್ಕೆ?" ಎಂದು ಮೂಗು ಮುರಿಯಬೇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಕೊನೆಯವರೆಗೂ ಓದಿ. ಮೀನು ತಿನ್ನದವರೂ ಓದಬಹುದು, ಅಡುಗೆಯ ಭಾಗ ಬಂದಾಗ ಕಣ್ಣು ಮುಚ್ಚಿಕೊಂಡರಾಯಿತು.

ನಮ್ಮ ಮಾವನವರಿಗೆ ಈಗ 76 ವರ್ಷ. ದುಡಿಮೆಯ ಕಾಲ ಮುಗಿದ ಮೇಲೆ ಅವರಿಗಿರುವುದು ಎರಡೇ ಚಟ, ಒಂದು ಬೆಳಗಿನ ಪೇಪರು, ಇನ್ನೊಂದು ಗಾಳ. ನಮ್ಮ ಹೊಳನಗದ್ದೆಯಲ್ಲಿ ಮನೆಯಿಂದ ಹೊರಟರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಗಾಲ ದಾಟಿದರೆ ಅಘನಾಶಿನಿಯ ಅಳಿವೆ. ಮಾವನವರಿಗೆ ಸಮುದ್ರದ ಗಾಳ ಬೇಡ, "ಅಲ್ಲಿ ತೆರೆಯೇ ದಾರ ಎಳೀತದೆ, ಮೀನಿನ ಮಾತು ಕೇಳೂದಿಲ್ಲ" ಅನ್ನುತ್ತಾರೆ. ಅವರದೇನಿದ್ದರೂ ಗಜನಿ ಕಟ್ಟೆ. ಗಜನಿ ಎಂದರೆ ಘಟ್ಟದ ಮೇಲಿನವರಿಗೆ ತಿಳಿಯಲಿಕ್ಕಿಲ್ಲ. ಉಪ್ಪುನೀರು ಹತ್ತಿ ಇಳಿಯುವ ಗದ್ದೆ ಅದು. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಆಮೇಲೆ ಮೀನು, ಸಿಗಡಿಗೆ ಬಿಡುತ್ತಾರೆ. ಕಟ್ಟೆಯ ಬಾಗಿಲ ಹತ್ತಿರ, ಕಾಂಡ್ಲಾ ಗಿಡಗಳ ನೆರಳಲ್ಲಿ ಕೂತು ದಾರ ಬಿಟ್ಟರೆ ನೋಗಲಿ, ಕೆಂಬೇರಿ, ಅದೃಷ್ಟವಿದ್ದರೆ ದೊಡ್ಡದೇ ಏನಾದರೂ ಸಿಗುತ್ತದೆ. 2024ರ ಜನವರಿಯಲ್ಲಿ ಈ ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು, ಅಂದರೆ ಇಡೀ ಲೋಕಕ್ಕೇ ಮುಖ್ಯವಾದ ಜೌಗು ಪ್ರದೇಶ ಎಂದು. ಪೇಪರಿನಲ್ಲಿ ಓದಿದ ಮಾವನವರು, "ಈಗ ಗೊತ್ತಾಯ್ತಾ ಅವರಿಗೆ?" ಎಂದು ಪೇಪರು ಮಡಚಿಟ್ಟಿದ್ದರು.

ಅವರದು ಕೈಗಾಳ. ಕೋಲು ಇಲ್ಲ, ಬೆಂಡು ಇಲ್ಲ. ನೈಲಾನ್ ದಾರದ ತುದಿಗೆ ಸೀಸದ ಗುಂಡು, ಕೊಕ್ಕೆ, ಕೊಕ್ಕೆಗೆ ಸಿಗಡಿಯ ಎರೆ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಕೂತರೆ ಮುಗಿಯಿತು, ಬೆರಳೇ ಅವರ ಕಣ್ಣು. ನೋಗಲಿ ಬಹಳ ಮೆಲ್ಲಗೆ ಕಚ್ಚುವ ಮೀನು. (ಕುಂದಾಪುರದ ಕಡೆಯವರು ಇದನ್ನೇ ಕಾಣೆ ಎನ್ನುತ್ತಾರೆ.) ಇಂಥ ಮೀನು ಕೆಂಬೇರಿಯ ಹಾಗೆ ಎಳೆದುಕೊಂಡು ಓಡುವುದಿಲ್ಲ, ಮುಟ್ಟಿ ನೋಡುತ್ತದೆ, ಬಿಡುತ್ತದೆ, ಇನ್ನೊಮ್ಮೆ ಮುಟ್ಟುತ್ತದೆ. ಆ ಮುಟ್ಟಿದ್ದು ಬೆರಳಿಗೆ ತಿಳಿದು ಹದವಾಗಿ ಎಳೆದವನಿಗೆ ಮೀನು, ಉಳಿದವರಿಗೆ ಬರೀ ಕೊಕ್ಕೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ಹೊರಟರೆಂದರೆ ಅತ್ತೆ ಮಸಾಲೆಗೆ ಕಾಯಿ ತುರಿಯಲು ಕೂರುತ್ತಿದ್ದರು. ಅಷ್ಟು ನಂಬಿಕೆ.

ಕಳೆದ ವರ್ಷದ ಮಳೆಗಾಲ ಮುಗಿದ ಮೇಲೆ ಆ ನಂಬಿಕೆ ಕೈಕೊಡತೊಡಗಿತು. ಮಾವನವರ ಚೀಲ ಬರಿದಾಗಿ ಬರತೊಡಗಿತು. ಒಂದು ದಿನ, ಎರಡು ದಿನ ಅಲ್ಲ, ತಿಂಗಳುಗಟ್ಟಲೆ. ಕೇಳಿದರೆ "ಏಡಿ ಎರೆ ತಿಂದು ಹಾಕ್ತದೆ" ಅನ್ನುವರು. ಇನ್ನೊಂದು ದಿನ "ನೀರು ಸರಿ ಇಲ್ಲ". ಮತ್ತೊಂದು ದಿನ "ಈಗ ಮೀನೇ ಇಲ್ಲ ಹೊಳೇಲಿ, ಎಲ್ಲಾ ಬಲೆಯವರು ಬಳಕೊಂಡು ಹೋದ್ರು". ಪಕ್ಕದಲ್ಲೇ ಕೂತ ಹುಡುಗರು ಆರೇಳು ಮೀನು ಹಿಡಿದುಕೊಂಡು ಹೋದದ್ದನ್ನು ನಮ್ಮ ಸಣ್ಣವ ನೋಡಿ ಬಂದು ಹೇಳಿದ. ನಮ್ಮನೆಯವರು ಒಂದು ದಿನ ಊಟಕ್ಕೆ ಕೂತಾಗ, "ಅಪ್ಪಾ, ಬರುವಾಗ ಕುಮಟೆ ಮೀನು ಪೇಟೆಗೆ ಹೋಗಿ ಬಂದ್ರೆ ಚೀಲಕ್ಕೂ ಮರ್ಯಾದೆ" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಆ ನಗು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಮಾವನವರು ಏನೂ ಹೇಳಲಿಲ್ಲ. ಮಾರನೇ ದಿನದಿಂದ ದಾರ ಸುತ್ತಿ ಅಟ್ಟದ ಮೇಲಿಟ್ಟುಬಿಟ್ಟರು.

ಇನ್ನು ಅಮೆರಿಕೆಗೆ ಬರುತ್ತೇನೆ. ಸಂಬಂಧವಿದೆ, ಸ್ವಲ್ಪ ತಾಳಿ.

ನನ್ನ ನಾದಿನಿಯ ಮಗ ಮಿನೆಸೋಟ ರಾಜ್ಯದಲ್ಲಿದ್ದಾನೆ. ಕಂಪ್ಯೂಟರ್ ಕೆಲಸ, ಅಲ್ಲಿಗೆ ಹೋಗಿ ಏಳು ಚಳಿಗಾಲವಾಯಿತು. ಸಣ್ಣವನಿದ್ದಾಗ ರಜೆಗೆ ನಮ್ಮಲ್ಲಿಗೇ ಬರುತ್ತಿದ್ದ, ಅಜ್ಜನ ಜೊತೆ ಗಜನಿ ಕಟ್ಟೆಯ ಮೇಲೆ ಕೂತು ಗಾಳ ಕಲಿತವ. ಮಿನೆಸೋಟಕ್ಕೆ ಹತ್ತು ಸಾವಿರ ಕೆರೆಗಳ ನಾಡು ಎಂಬ ಹೆಸರಂತೆ. ನಿಜವಾಗಿ ಎಣಿಸಿದರೆ ಹತ್ತೆಕರೆಗಿಂತ ದೊಡ್ಡವೇ 11,842 ಇವೆ. ಚಳಿಗಾಲದಲ್ಲಿ ಅಷ್ಟೂ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಆ ಮಂಜುಗಡ್ಡೆಯ ಮೇಲೆ ನಡೆದುಹೋಗಿ, ದೊಡ್ಡ ಬೈರಿಗೆಯಿಂದ ಒಂದು ಗೇಣು ಅಗಲದ ತೂತು ಕೊರೆದು, ಅದರೊಳಗೆ ಗಾಳ ಬಿಟ್ಟು ಕೂರುತ್ತಾರೆ. ಗಾಳಿ ತಡೆಯಲು ಮೇಲೊಂದು ಡೇರೆ, ಒಳಗೊಂದು ಸಣ್ಣ ಹೀಟರ್. ನಮ್ಮ ಸಣ್ಣವ "ಒಡೆದು ಬಿದ್ರೆ?" ಎಂದು ಕೇಳಿದ್ದಕ್ಕೆ ಅಲ್ಲಿನ ಸರ್ಕಾರವೇ ಅಳತೆ ಹೇಳಿದೆ ಎಂದ. ಹೊಸದಾಗಿ ಹೆಪ್ಪುಗಟ್ಟಿದ ಗಟ್ಟಿ ಗಡ್ಡೆ ಕಡಿಮೆಯೆಂದರೆ 4 ಇಂಚು ದಪ್ಪವಿದ್ದರೆ ಮಾತ್ರ ಮನುಷ್ಯ ಕಾಲಿಡಬೇಕು, ಕಾರು ಓಡಿಸಬೇಕಾದರೆ ಅದರ ಎರಡು-ಮೂರು ಪಟ್ಟು ಬೇಕು. ಅಂದು ಅವನ ಕಾಲಡಿಯಲ್ಲಿ 14 ಇಂಚು ಇತ್ತು. ಆದರೂ ನನಗೆ ಎದೆ ಡವಡವ ಎನ್ನುತ್ತಲೇ ಇತ್ತು.

ಮೇಲೆ ಕಲ್ಲಿನಂಥ ಗಡ್ಡೆ ಇದ್ದರೆ ಕೆಳಗೆ ಮೀನು ಹೇಗೆ ಬದುಕುತ್ತದೆ ಎಂದು ನಿಮಗೂ ಅನ್ನಿಸಬಹುದು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಓದಿ ಮರೆತದ್ದನ್ನು ಅವನು ನೆನಪಿಸಿದ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ತಳಕ್ಕೆ ಹೋಗಿ ಕೂರುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ಉಳಿದು ಗಡ್ಡೆಯಾಗುತ್ತದೆ. ಆ ಗಡ್ಡೆಯೇ ಕಂಬಳಿಯ ಹಾಗೆ ಹೊದ್ದುಕೊಂಡು ಕೆಳಗಿನ ನೀರನ್ನು ಕಾಯುತ್ತದೆ. ಮೀನು ತಣ್ಣನೆಯ ರಕ್ತದ ಪ್ರಾಣಿ, ನೀರು ತಣ್ಣಗಾದರೆ ಅದರ ಮೈಯ ಕೆಲಸವೂ ನಿಧಾನವಾಗುತ್ತದೆ. ಹಸಿವು ಕಡಿಮೆ, ಓಡಾಟ ಕಡಿಮೆ. ಎರೆ ಕಂಡರೂ ಹಾರಿ ಬೀಳುವುದಿಲ್ಲ. ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೆ ಕೂತ ಹೊಟ್ಟೆ ತುಂಬಿದವರ ಹಾಗೆ ಮೂಸಿ ನೋಡುತ್ತದೆ, ಬಾಯಿಗೆ ಹಾಕಿ ಉಗುಳುತ್ತದೆ. ಈ ಮೆಲುಕಡಿತ ಹಿಡಿಯುವುದೇ ಅಲ್ಲಿನ ಗಾಳದವರಿಗೆ ದೊಡ್ಡ ತಲೆನೋವು. ಅದಕ್ಕಾಗಿ ಅವರು ನೀರೊಳಗೆ ಕ್ಯಾಮೆರಾ ಬಿಡುತ್ತಾರೆ.

ಕಳೆದ ಜನವರಿಯ ಒಂದು ಶನಿವಾರ ರಾತ್ರಿ ಎಂಟೂವರೆ. ನಮಗೆ ರಾತ್ರಿ ಎಂಟೂವರೆ ಎಂದರೆ ಅವನಿಗೆ ಅದೇ ದಿನ ಬೆಳಿಗ್ಗೆ ಒಂಬತ್ತು. ನಾನು ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ, ವಿಡಿಯೋ ಕಾಲ್ ಬಂತು. "ಅತ್ತೆ, ಅಜ್ಜನ್ನ ಕರಿ, ಒಂದು ತಮಾಷೆ ತೋರಿಸ್ತೆ" ಅಂದ. ಮೈತುಂಬ ಉಬ್ಬಿದ ಅಂಗಿ, ಮೂಗಿನ ತುದಿ ಕೆಂಪು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಂತೆ. ಮಾವನವರು ಕನ್ನಡಕ ಹಾಕಿಕೊಂಡು ಬಂದು ಕೂತರು.

ಅವನ ಮುಂದೆ ಎರಡು ತೂತು. ಒಂದರಲ್ಲಿ ಗಾಳ, ಇನ್ನೊಂದರಲ್ಲಿ ವಯರಿನ ತುದಿಗೆ ಕಟ್ಟಿದ ಕ್ಯಾಮೆರಾ. ಕ್ಯಾಮೆರಾ ಅಂಗೈಯಲ್ಲಿ ಹಿಡಿಸುವಷ್ಟು, ಅದೂ ಸಣ್ಣ ಮೀನಿನ ಆಕಾರದ್ದೇ. ಅವನದು ಆಕ್ವಾ-ವ್ಯೂ ಎಂಬ ಹೆಸರಿನದು, ಬೆಲೆ ಕೆಲವು ನೂರು ಡಾಲರ್ ಎಂದಾಗ ನಮ್ಮನೆಯವರು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಕೆಮ್ಮಿದರು. ಕತ್ತಲಲ್ಲೂ ಕಾಣಲಿ ಎಂದು ಅದಕ್ಕೆ ಇನ್‌ಫ್ರಾರೆಡ್ ದೀಪಗಳಿವೆ, ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಪಾಠಿ ಸ್ಲೇಟಿಗಿಂತ ಸಣ್ಣ ಪರದೆ. ಇದಲ್ಲದೆ ಶಬ್ದದ ಅಲೆ ಬಿಟ್ಟು ಮೀನು ಎಷ್ಟು ಆಳದಲ್ಲಿದೆ ಎಂದು ಹೇಳುವ ಸೋನಾರ್ ಯಂತ್ರವೂ ಉಂಟಂತೆ. ಆದರೆ ಅದು ಮೀನು ಬಂತು ಎಂದು ಹೇಳೀತೇ ಹೊರತು ಬಾಯಿ ತೆರೆಯಿತೋ ಇಲ್ಲವೋ ಎಂದು ಹೇಳಲಾರದು. ಬಾಯಿ ನೋಡಬೇಕಾದರೆ ಕ್ಯಾಮೆರಾವೇ ಬೇಕು.

ಪರದೆಯ ಮೇಲೆ ಹಸಿರು ಹಸಿರಾದ ನೀರು, ನಡುವೆ ಅಕ್ಕಿಕಾಳಿನಷ್ಟು ಎರೆ. ಸ್ವಲ್ಪ ಹೊತ್ತಿಗೆ ಅಂಗೈ ಅಗಲದ ಒಂದು ಮೀನು ಬಂತು. ಬ್ಲೂಗಿಲ್ ಎನ್ನುವ ಜಾತಿ, ಸನ್‌ಫಿಶ್ ಎಂದೂ ಕರೆಯುತ್ತಾರೆ. ಎರೆಯ ಎದುರು ನಿಂತು ನೋಡಿಯೇ ನೋಡಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಇದ್ದಕ್ಕಿದ್ದಂತೆ ಎರೆ ಮಾಯ! ಮೀನು ಹಲ್ಲಿನಿಂದ ಕಚ್ಚಲಿಲ್ಲ. ಬಾಯಿ ತೆರೆದ ಕೂಡಲೇ ನೀರಿನ ಜೊತೆ ಎರೆ ಒಳಗೆ ಸೇದಿಹೋಯಿತು, ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಹಾಗೆಯೇ ಒಂದು ಗಳಿಗೆ ಇಟ್ಟುಕೊಂಡು ಪುಸಕ್ಕನೆ ಉಗುಳಿ, ತಿರುಗಿ ಹೋಯಿತು.

"ಅಜ್ಜ, ನೋಡ್ದ್ಯಾ? ಕಚ್ಚಿತು, ಉಗುಳಿತು. ನನ್ನ ಕೈಗೆ ಎಂತದೂ ಗೊತ್ತಾಗ್ಲಿಲ್ಲ. ದಾರ ಅಲ್ಲಾಡ್ಲೇ ಇಲ್ಲ. ಕ್ಯಾಮೆರಾ ಇಲ್ದಿದ್ರೆ ಮೀನೇ ಬರ್ಲಿಲ್ಲ ಅಂತಿದ್ದೆ."

ಎರಡನೇ ಮೀನು ಬಂದಾಗ ಅವನು ಕೈಯನ್ನು ನಂಬಲಿಲ್ಲ, ಪರದೆಯನ್ನೇ ನೋಡುತ್ತಿದ್ದ. ಎರೆ ಬಾಯೊಳಗೆ ಮಾಯವಾದ ಕ್ಷಣ ಮೆಲ್ಲಗೆ ಕೋಲು ಎತ್ತಿದ. ಮೀನು ತೂತಿನಿಂದ ಹೊರಗೆ ಬಂದು ಮಂಜಿನ ಮೇಲೆ ಪಟಪಟ ಬಡಿಯಿತು. ನಮ್ಮ ಸಣ್ಣವ ಚಪ್ಪಾಳೆ ತಟ್ಟಿದ. ಮಾವನವರು ಮಾತಾಡಲಿಲ್ಲ. ತಮ್ಮ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಾ ಕೂತಿದ್ದರು. ಫೋನು ಇಟ್ಟ ಮೇಲೆ ಬಹಳ ಹೊತ್ತಿಗೆ ಹೇಳಿದರು, "ಹಂಗಾರೆ ಇಷ್ಟು ದಿನ ಮೀನು ಕಚ್ತಾನೇ ಇತ್ತೇನ ತಂಗಿ. ನಂಗೇ ಗೊತ್ತಾಗ್ಲಿಲ್ಲ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂದೊಂದೇ ನೆನಪಾಗತೊಡಗಿತು. ಸ್ಟೀಲ್ ಲೋಟದಲ್ಲಿ ಕುದಿಯುವ ಕಷಾಯ ಕೊಟ್ಟರೆ ನಾವೆಲ್ಲ ಸೆರಗು, ಪಂಚೆ ಹಿಡಿದು ಮುಟ್ಟುತ್ತೇವೆ, ಮಾವನವರು ಬರಿಗೈಯಲ್ಲೇ ಹಿಡಿಯುತ್ತಿದ್ದರು. ಹಳೆಯ ಕಾಲದ ಗಟ್ಟಿ ಕೈ ಎಂದು ನಾನು ಮೆಚ್ಚಿಕೊಂಡಿದ್ದೆ! ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುತ್ತಿದ್ದರು, ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಒಂದು ಕಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದರೂ ತಿಳಿಯದೆ ಒಳಗೆ ಬಂದಿದ್ದರು, ಮರೆವು ಎಂದು ನಕ್ಕಿದ್ದೆವು. ಸಕ್ಕರೆ ಕಾಯಿಲೆ ಹದಿನಾರು ವರ್ಷದಿಂದ ಇದೆ, ಮಾತ್ರೆ ನಾನೇ ಎಣಿಸಿ ಕೊಡುತ್ತೇನೆ. ಚಹಕ್ಕೆ ಸಕ್ಕರೆ ಹಾಕದಿದ್ದರೆ ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆ. ಆ ಮೀನಿನ ಹಾಗೆಯೇ ಕಾಯಿಲೆಯೂ ಮೆಲ್ಲಗೆ ಮುಟ್ಟಿ ಮುಟ್ಟಿ ಹೋಗಿತ್ತು, ಮನೆಯಲ್ಲಿ ಯಾರ ಬೆರಳಿಗೂ ತಿಳಿದಿರಲಿಲ್ಲ.

ಸೋಮವಾರ ಕುಮಟೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಮಾವನವರು ಕೈ ಚಾಚಿದರೆ ಡಾಕ್ಟರರು ಕಾಲು ತೋರಿಸಿ ಎಂದರು. ಸಕ್ಕರೆ ಕಾಯಿಲೆಯಲ್ಲಿ ನರಗಳಿಗೆ ಪೆಟ್ಟಾಗುವುದು ಸಾಧಾರಣವಾಗಿ ಕಾಲ್ಬೆರಳಿನಿಂದ ಶುರುವಾಗಿ ಮೇಲೆ ಹತ್ತುತ್ತದಂತೆ, ಕೈಗೆ ಬರುವುದು ಆಮೇಲೆ. ಕೈಬೆರಳು ಜೋಮು ಹಿಡಿದಿದೆ ಎಂದರೆ ಕಾಲು ಅದಕ್ಕೂ ಮೊದಲೇ ಹೋಗಿರಬಹುದು. ಡ್ರಾವರಿನಿಂದ ಪೆನ್ನಿನಂಥ ಒಂದು ಹಿಡಿಕೆ ತೆಗೆದರು, ತುದಿಯಲ್ಲಿ ಒಂದು ತುಂಡು ನೈಲಾನ್ ದಾರ. ಮಾವನವರ ಮುಖ ಅರಳಿತು, "ಡಾಕ್ಟ್ರೇ, ಇದು ನಮ್ಮ ಗಾಳದ ದಾರ ಅಲ್ವಾ?" ಎಂದರು. ಡಾಕ್ಟರರೂ ನಕ್ಕರು. ಆ ದಾರ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವಂತೆ ಮಾಡಿದ್ದು. ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ ಕಡೆ ಅದು ಬಾಗುವವರೆಗೆ ಒತ್ತುತ್ತಾರೆ, ಮುಟ್ಟಿದ್ದು ತಿಳಿದ ಕೂಡಲೇ ಹೇಳಬೇಕು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ದಾರ ಬಾಗಿತು, ಮಾವನವರು ಸುಮ್ಮನೆ. ಇನ್ನೊಂದು ಕಡೆ ಬಾಗಿತು, ಸುಮ್ಮನೆ. ಮೂರನೇ ಸಲ ಬಾಗಿದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಶುರು ಮಾಡೂದಿಲ್ವಾ ಡಾಕ್ಟ್ರೇ?"

ನಾನು ಗೋಡೆಯ ಕಡೆ ತಿರುಗಿ ನಿಂತೆ.

ಬಲಗಾಲಿನ ಕಿರುಬೆರಳಿನ ಕೆಳಗೆ ಒಂದು ಗಾಯವಿತ್ತು. ಕಲ್ಗದ ಚಿಪ್ಪು ಕೊಯ್ದಿರಬೇಕು, ಬರಿಗಾಲಲ್ಲಿ ಗಜನಿಯ ಕೆಸರಿಗೆ ಇಳಿದಾಗ. ಯಾವಾಗ ಆಯಿತು ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಒಳಗೆ ಕೀವು ಕಟ್ಟುತ್ತಿತ್ತು. ಇನ್ನೂ ತಡಮಾಡಿದ್ದರೆ ಬೆರಳು ಉಳಿಯುವುದೇ ಕಷ್ಟವಿತ್ತು ಎಂದರು ಡಾಕ್ಟರರು. ಮೂರು ವಾರ ಡ್ರೆಸ್ಸಿಂಗ್‌ಗೆ ಓಡಾಡಿದೆವು. ರಕ್ತದಲ್ಲಿ ಬಿ-12 ಎಷ್ಟಿದೆ ಎಂದೂ ನೋಡಿಸಿದರು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಿಗೆ ಆ ಜೀವಸತ್ವ ಕಡಿಮೆಯಾಗುವುದುಂಟು, ಅದರಿಂದಲೂ ಜೋಮು ಬರುತ್ತದಂತೆ. ಕೈ ಜೋಮಿಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಮನೆಯಲ್ಲೇ ಎಣ್ಣೆ ತಿಕ್ಕಿಕೊಂಡು ಕೂರದೆ ತೋರಿಸಬೇಕು. ಹೋದ ಸ್ಪರ್ಶ ಪೂರ್ತಿ ತಿರುಗಿ ಬರುತ್ತದೆ ಎಂಬ ಭರವಸೆ ಅವರು ಕೊಡಲಿಲ್ಲ. ಸಕ್ಕರೆ ಹತೋಟಿಯಲ್ಲಿಟ್ಟರೆ ಇನ್ನೂ ಮುಂದಕ್ಕೆ ಹೋಗದಂತೆ ತಡೆಯಬಹುದು ಎಂದರು.

ಗಾಯ ಮಾಗಿದ ಮೇಲೆ ಮನೆಯಲ್ಲಿ ಹೊಸ ಚರ್ಚೆ, ಮಾವನವರು ಮತ್ತೆ ಗಾಳಕ್ಕೆ ಹೋಗಬಹುದೋ ಬಾರದೋ. ನಮ್ಮನೆಯವರದು "ಸಾಕು ಇನ್ನು". ಅತ್ತೆ ಇದ್ದಿದ್ದರೆ ಏನು ಹೇಳುತ್ತಿದ್ದರೋ. ನನಗೆ ಮಾತ್ರ ಮಾವನವರು ದಿನವಿಡೀ ಜಗಲಿಯಲ್ಲಿ ಕೂತು ಗೋಡೆ ನೋಡುವುದು ಸಹಿಸಲಾಗಲಿಲ್ಲ. ಕಾಲಿಗೆ ಗಟ್ಟಿ ಅಡಿಯ ಬೂಟು ಹಾಕಿಕೊಳ್ಳಬೇಕು, ಕೆಸರಿಗೆ ಇಳಿಯಬಾರದು, ಸಣ್ಣವ ಜೊತೆಗಿರಬೇಕು ಎಂದು ಮೂರು ಷರತ್ತು ಹಾಕಿ ನಾನೇ ಒಪ್ಪಿಸಿದೆ. ಆದರೆ ಬೆರಳಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೇನು ಮಾಡುವುದು?

ಮಿನೆಸೋಟದವ ಕ್ಯಾಮೆರಾ ಕಳಿಸುತ್ತೇನೆಂದ. ಮಾವನವರು ಕೈ ಮುಗಿದರು, "ಬ್ಯಾಡ ಮಾರಾಯಾ, ಮೀನು ಬಾಯಿ ತೆಗೆಯೂದು ನೋಡ್ಕಂಡು ಎಳೆಯೂದು ಅಂದ್ರೆ ಊಟಕ್ಕೆ ಕೂತವನ ಕೈ ಹಿಡಿದ ಹಾಗೆ." ಅದಕ್ಕೆ ಮೊಮ್ಮಗನೂ ಬಿಡಲಿಲ್ಲ, "ಬಲೆ ಹಾಕೂದಕ್ಕಿಂತ ಪಾಪ ಕಮ್ಮಿ ಅಜ್ಜ" ಅಂದ. ನನ್ನ ಅಭಿಪ್ರಾಯ ಕೇಳಿದರೆ, ತಿನ್ನಲಿಕ್ಕೆ ಹಿಡಿಯುವವನು ಹೇಗೆ ಹಿಡಿದರೇನು. ಆದರೆ ಅಜ್ಜ ಮೊಮ್ಮಗನ ವಾದದಲ್ಲಿ ನಾನು ಬಾಯಿ ಹಾಕಲಿಲ್ಲ.

ನಮ್ಮ ಸಣ್ಣವ ಮಾತ್ರ ಸುಮ್ಮನಿರುವವನಲ್ಲ. ಮೆಕ್ಯಾನಿಕ್‌ಗಳು ಪೈಪಿನೊಳಗೆ ಬಿಟ್ಟು ನೋಡುವ ವಯರಿನ ಕ್ಯಾಮೆರಾ ಸಿಗುತ್ತದಲ್ಲ, ಫೋನಿಗೆ ಸಿಕ್ಕಿಸುವಂಥದ್ದು, ಅದನ್ನು ಗೆಳೆಯನಿಂದ ತಂದು ಗಜನಿಯ ನೀರಿಗೆ ಬಿಟ್ಟ. ಕಂಡದ್ದು ಹೆಸರುಬೇಳೆ ತೊವ್ವೆ! ಅಲ್ಲಿನ ಕೆರೆ ಹೆಪ್ಪುಗಟ್ಟಿದ ಮೇಲೆ ಗಾಳಿ ಇಲ್ಲ, ಅಲೆ ಇಲ್ಲ, ನೀರು ತಿಳಿಯಾಗಿ ನಿಂತಿರುತ್ತದೆ. ನಮ್ಮದು ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಕೆಸರು ಕದಡಿಯೇ ಇರುತ್ತದೆ. ಹಟ ಬಿಡದೆ ಒಂದು ಮುಂಜಾನೆ, ಭರತ ಮುಗಿದು ನೀರು ನಿಂತ ಹೊತ್ತಿನಲ್ಲಿ ಮತ್ತೆ ಬಿಟ್ಟ. ಆಗ ಒಂದಿಷ್ಟು ಕಂಡಿತು. ಏನು ಕಂಡಿತು ಅಂತೀರಿ? ಒಂದು ಏಡಿ ಎರಡೂ ಕೊಂಬಿನಲ್ಲಿ ಎರೆ ಹಿಡಿದುಕೊಂಡು ನೆಮ್ಮದಿಯಾಗಿ ತಿನ್ನುತ್ತಿತ್ತು. "ನಾ ಹೇಳ್ಲಿಲ್ವಾ!" ಎಂದು ಮಾವನವರು ತೊಡೆ ತಟ್ಟಿಕೊಂಡರಂತೆ. ಮನೆಗೆ ಬಂದು ಆ ವಿಡಿಯೋವನ್ನು ನಮ್ಮನೆಯವರಿಗೆ ಮೂರು ಸಲ ತೋರಿಸಿದರು.

ಕೆಲಸಕ್ಕೆ ಬಂದದ್ದು ಬೇರೆಯೇ. ಅಮೆರಿಕೆಯಲ್ಲಿ ಕ್ಯಾಮೆರಾ ಇಲ್ಲದವರು ಗಾಳದ ಕೋಲಿನ ತುದಿಗೆ ಬಹಳ ತೆಳುವಾದ ಒಂದು ಸ್ಪ್ರಿಂಗ್ ಕಟ್ಟುತ್ತಾರಂತೆ. ಎರೆಯ ಭಾರಕ್ಕೆ ಅದು ಒಂದಿಷ್ಟು ಬಾಗಿ ನಿಂತಿರುತ್ತದೆ. ಮೀನು ಎಳೆದರೆ ಇನ್ನೂ ಬಾಗುತ್ತದೆ, ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲೆದ್ದರೆ ಭಾರ ಇಳಿದು ತುದಿ ಮೇಲಕ್ಕೆ ಏಳುತ್ತದೆ. ಈ ಎರಡನೆಯದು ಎಂಥ ಚುರುಕು ಬೆರಳಿಗೂ ಸುಲಭವಾಗಿ ತಿಳಿಯುವುದಿಲ್ಲ, ಕಣ್ಣಿಗೆ ತಿಳಿಯುತ್ತದೆ. ಇದನ್ನು ಕೇಳಿದ ಕೂಡಲೇ ಮಾವನವರು ಎದ್ದು ಹೋಗಿ ನನ್ನ ಹಿಡಿಯಿಂದ ಒಂದು ಕಡ್ಡಿ ಎಳೆದುಕೊಂಡರು. ತೆಂಗಿನ ಗರಿಯ ಹಿಡಿಕಡ್ಡಿ! ಬುಡದ ಭಾಗ ಗಟ್ಟಿಯಾಯಿತು. ತುದಿಯ ಮೂರನೇ ಒಂದು ಪಾಲು ಕತ್ತರಿಸಿ, ಬಿದಿರ ಕೋಲಿನ ಕೊನೆಗೆ ಕಟ್ಟಿ, ಅದರ ತುದಿಗೆ ದಾರ ಹಾಯಲು ಒಂದು ಸಣ್ಣ ಕುಣಿಕೆ. ಕಾಣಲಿ ಎಂದು ನನ್ನ ರವಿಕೆ ಹೊಲಿಯುವ ಕೆಂಪು ನೂಲು ಸುತ್ತಿದರು. ಆರು ಕಡ್ಡಿ ಹಾಳಾದವು, ನನ್ನ ಹೊಸ ಹಿಡಿ ಬೋಳಾಯಿತು, ಏಳನೆಯದು ಹದಕ್ಕೆ ಬಂತು. ಸೀಸದ ಗುಂಡನ್ನೂ ಚಿಕ್ಕದು ಮಾಡಿದರು, ದೊಡ್ಡ ಗುಂಡಿಗೆ ಕಡ್ಡಿ ಜೋತುಬಿದ್ದೇ ಇರುತ್ತಿತ್ತು.

ಇದಕ್ಕೂ ಮಿತಿ ಇದೆ. ಮಧ್ಯಾಹ್ನದ ಸಮುದ್ರದ ಗಾಳಿಗೆ ಕಡ್ಡಿ ಸುಮ್ಮನೆ ಕುಣಿಯುತ್ತದೆ. ನೀರು ಎಳೆಯುವಾಗ ಬಾಗಿಯೇ ಇರುತ್ತದೆ. ಭರತ ಇಳಿತದ ನಡುವೆ ನೀರು ನಿಲ್ಲುವ ಆ ಸ್ವಲ್ಪ ಹೊತ್ತೇ ಬೇಕು. ಈಗ ಮಾವನವರು ಪಂಚಾಂಗ ಹಿಡಿದು ಲೆಕ್ಕ ಹಾಕುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಗೆ ಎಳೆತ ಜೋರು, ಅಷ್ಟಮಿ ನವಮಿಯ ಆಸುಪಾಸಿಗೆ ಕಡಿಮೆ. ಹಾಗಾಗಿ ತಿಂಗಳಿಗೆ ಏಳೆಂಟು ದಿನ ಮಾತ್ರ ಗಾಳ. ಉಳಿದ ದಿನ ಆ ದಿನಗಳ ಬಗ್ಗೆ ಮಾತು.

ಮೊದಲ ದಿನ ಮೂರು ನೋಗಲಿ ಬಂದವು. ಚೀಲ ನನ್ನ ಕೈಗೆ ಕೊಡದೆ ನೇರವಾಗಿ ನಮ್ಮನೆಯವರ ಮುಂದೆ ಇಟ್ಟರು, ಒಂದು ಮಾತೂ ಆಡದೆ.

ಅಡುಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ನೋಗಲಿಯ ಮಾಂಸ ಬಹಳ ಮೆದು, ಮಸಾಲೆ ಜೋರಾದರೆ ರುಚಿ ಕೆಡುತ್ತದೆ. ನಾಲ್ಕೈದು ಮೀನಿಗೆ ಅರ್ಧ ಕಾಯಿಯ ತುರಿ, ಆರೇಳು ಬ್ಯಾಡಗಿ ಮೆಣಸು, ಒಂದು ಚಮಚೆ ಹುರಿದ ಕೊತ್ತಂಬರಿ, ಚಿಟಿಕೆ ಅರಿಶಿನ ಸೇರಿಸಿ ಗಂಧದ ಹಾಗೆ ನುಣ್ಣಗೆ ಅರೆಯಿರಿ. ಹುಳಿಗೆ ಮುರುಗಲ ಸಿಪ್ಪೆ ನಾಲ್ಕು. ಅರೆದ ಮಸಾಲೆ, ಸಿಪ್ಪೆ, ಉಪ್ಪು, ಸೀಳಿದ ಒಂದು ಹಸಿಮೆಣಸು, ಜಜ್ಜಿದ ಶುಂಠಿ ಹಾಕಿ ಮೊದಲು ಸಾರನ್ನೇ ಚೆನ್ನಾಗಿ ಕುದಿಸಿ. ಮೀನು ಕೊನೆಗೆ. ಹಾಕಿದ ಮೇಲೆ ಸೌಟು ಆಡಿಸಬೇಡಿ, ಪಾತ್ರೆಯನ್ನೇ ಬಟ್ಟೆಯಿಂದ ಹಿಡಿದು ಒಮ್ಮೆ ತಿರುಗಿಸಿ. ಐದಾರು ನಿಮಿಷ ಸಾಕು. ಇಳಿಸಿ ಮೇಲೆ ಒಂದು ಚಮಚೆ ಹಸಿ ಕೊಬ್ಬರಿ ಎಣ್ಣೆ. ಸಕ್ಕರೆ ಕಾಯಿಲೆಯವರಿಗೆ ಮೀನಿನ ಭಯವಿಲ್ಲ, ಜೊತೆಗೆ ಬಡಿಸುವ ಅನ್ನದ ರಾಶಿ ನೋಡಿಕೊಳ್ಳಿ.

ಈಗ ನಿಮಗೆ ಹೇಳಬೇಕಾದ ಮುಖ್ಯ ಕೆಲಸ ಒಂದಿದೆ. ನೈಲಾನ್ ದಾರದ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಡಾಕ್ಟರರೇ ಮಾಡಬೇಕು. ಮನೆಯಲ್ಲಿ ನಾವು ಮಾಡಬಹುದಾದದ್ದು ಬಹಳ ಸುಲಭ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರಿನಿಂದ ಕರೆಯುವ ಕ್ರಮ ಇದು. ಹಿರಿಯರನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ತಿಳಿದಾಗೆಲ್ಲ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ಡಾಕ್ಟರರಿಗೆ ತೋರಿಸಲೇಬೇಕು. ಗಾಯ ಇದೆಯೇ ಎಂದು ಅಂಗಾಲನ್ನು ದಿನಾ ನೋಡಿ, ಅವರೇ ನೋಡಿಕೊಳ್ಳುವುದಾದರೆ ಕೆಳಗೊಂದು ಕನ್ನಡಿ ಇಡಿ. ಬೆರಳ ಸಂದಿ ಒರೆಸಿ ಒಣಗಿಸಿ. ಸ್ನಾನದ ನೀರಿನ ಬಿಸಿಯನ್ನು ಅವರ ಕೈಯಲ್ಲಿ ನೋಡಿಸಬೇಡಿ, ನೀವು ಮುಟ್ಟಿ ನೋಡಿ. ಅಂಗಳಕ್ಕೂ ಬರಿಗಾಲು ಬೇಡ.

ನಮ್ಮ ಮನೆಯಲ್ಲಿ ಈ ಕೆಲಸ ರಾತ್ರಿ ಊಟದ ಮೇಲೆ ನಡೆಯುತ್ತದೆ. ಮೊದಮೊದಲು ಸೊಸೆ ಕಾಲು ಮುಟ್ಟುವುದು ಮಾವನವರಿಗೆ ಸಂಕೋಚವಾಗಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಈಗ ತಾವೇ ಮಣೆಯ ಮೇಲೆ ಕಾಲಿಟ್ಟು ಕಣ್ಣು ಮುಚ್ಚುತ್ತಾರೆ. ನಿನ್ನೆ ಫೋನು ತೆರೆದೇ ಇತ್ತು, ಮಿನೆಸೋಟದವ ಆ ಕಡೆಯಿಂದ ನೋಡುತ್ತಿದ್ದ. ಪರದೆ ನೋಡುತ್ತಾ ಕೂತು ಅವನ ಎರಡನೇ ಗಾಳದ ಕೋಲನ್ನು ಯಾವುದೋ ದೊಡ್ಡ ಮೀನು ತೂತಿನೊಳಗೇ ಎಳೆದುಕೊಂಡು ಹೋದ ಕಥೆ ಹೇಳಿ ಈಗಷ್ಟೇ ಎಲ್ಲರನ್ನೂ ನಗಿಸಿದ್ದ. ನಾನು ಆರೂ ಬೆರಳು ಮುಟ್ಟಿ ಮುಗಿಸಿದೆ.

"ಎಷ್ಟು ಕಚ್ಚಿತು ಅಜ್ಜ?" ಎಂದು ಕೇಳಿದ.

ಮಾವನವರು ಕಣ್ಣು ತೆರೆಯದೆ ಹೇಳಿದರು, "ಮೂರು. ಉಳಿದದ್ದು ಎರೆ ತಿಂದ್ಕಂಡು ಹೋದ್ವು."